ಬ್ರುಂಡಿಬಾರ್: ಗೆಟ್ಟೊದಲ್ಲಿ ಹಾಡಿದ ಮಕ್ಕಳ ಒಪೆರಾ

ಬ್ರುಂಡಿಬಾರ್ ಚೆಕ್ ಭಾಷೆಯ ಮಕ್ಕಳ ಒಪೆರಾ. ಸಂಗೀತ ಹಾನ್ಸ್ ಕ್ರಾಸಾ ಅವರದು, ಸಾಹಿತ್ಯ ಅಡಾಲ್ಫ್ ಹಾಫ್‌ಮೈಸ್ಟರ್ ಅವರದು. 1938ರಲ್ಲಿ ಒಂದು ಸ್ಪರ್ಧೆಗೆಂದು ಹುಟ್ಟಿದ ಈ ಕೃತಿ ಹೆಸರಾದದ್ದು ಮಾತ್ರ ಪ್ರಾಗ್‌ನ ಉತ್ತರಕ್ಕಿರುವ ಟೆರೆಜೀನ್ ಎಂಬ ಕೋಟೆಯೂರಿನ ಗೆಟ್ಟೊದಲ್ಲಿ, ನಾಜಿಗಳು ಕೂಡಿಹಾಕಿದ್ದ ಯಹೂದಿ ಮಕ್ಕಳಿಂದ.

ಕಥೆ ಸರಳ. ಕಾಯಿಲೆ ಬಿದ್ದ ತಾಯಿಗೆ ಹಾಲು ಬೇಕು, ಮನೆಯಲ್ಲಿ ಕಾಸಿಲ್ಲ. ಪೆಪಿಚೆಕ್ ಮತ್ತು ಅನಿಂಕಾ ಎಂಬ ಒಡಹುಟ್ಟಿದವರು ಪೇಟೆಯಲ್ಲಿ ಹಾಡಿ ನಾಲ್ಕು ಕಾಸು ಗಳಿಸಲು ಹೋದರೆ, ವಾದ್ಯಪೆಟ್ಟಿಗೆ ತಿರುಗಿಸುವ ಬ್ರುಂಡಿಬಾರ್ ಗದರಿಸಿ ಓಡಿಸುತ್ತಾನೆ. ಗುಬ್ಬಿ, ಬೆಕ್ಕು, ನಾಯಿಗಳು ಊರಿನ ಮಕ್ಕಳನ್ನೆಲ್ಲ ಒಟ್ಟುಗೂಡಿಸುತ್ತವೆ. ಎಲ್ಲರೂ ಸೇರಿ ಜೋಗುಳ ಹಾಡಿ ದುಡ್ಡು ಗಳಿಸುತ್ತಾರೆ. ಅದನ್ನು ಕದ್ದ ಬ್ರುಂಡಿಬಾರ್‌ನನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತಾರೆ.

ಮೊದಲ ಪ್ರದರ್ಶನ ಪ್ರಾಗ್‌ನ ಯಹೂದಿ ಅನಾಥಾಲಯದಲ್ಲಿ, 1942ರ ಚಳಿಗಾಲದಲ್ಲಿ ಗುಟ್ಟಾಗಿ ನಡೆಯಿತು. ಅಷ್ಟರಲ್ಲಿ ಕ್ರಾಸಾ ಟೆರೆಜೀನ್ ಸೇರಿಯಾಗಿತ್ತು. ಮರುವರ್ಷ ಅನಾಥಾಲಯದ ಮಕ್ಕಳನ್ನೂ ಅಲ್ಲಿಗೇ ಸಾಗಿಸಿದರು. ವಾದ್ಯವೃಂದದ ನಿರ್ವಾಹಕ ರುಡಾಲ್ಫ್ ಫ್ರಾಯ್ಡೆನ್‌ಫೆಲ್ಡ್ ಪಿಯಾನೊ ಸ್ವರಲಿಪಿಯನ್ನು ಜೊತೆಗೆ ಒಯ್ದರು; ಕೈಗೆ ಸಿಕ್ಕ ವಾದ್ಯಗಳಿಗೆ ಹೊಂದುವಂತೆ ಕ್ರಾಸಾ ಅದನ್ನು ಮತ್ತೆ ಬರೆದರು. 1943ರ ಸೆಪ್ಟೆಂಬರ್ 23ರಂದು ಮ್ಯಾಗ್ಡೆಬರ್ಗ್ ಬ್ಯಾರಕ್ಕಿನಲ್ಲಿ ತೆರೆ ಎದ್ದಿತು. ಒಟ್ಟು 55 ಪ್ರದರ್ಶನಗಳಾದವು.

ಬ್ರುಂಡಿಬಾರ್ ಆದದ್ದು ಒಬ್ಬ ಅನಾಥ ಹುಡುಗ. ಅಂಟಿಸಿಕೊಂಡ ಮೀಸೆಯನ್ನು ಆತ ಕುಣಿಸುವುದನ್ನು ನೋಡಲೆಂದೇ ಜನ ಬರುತ್ತಿದ್ದರು. ಆ ಮೀಸೆಯವನು ಯಾರೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಕೊನೆಯ ವಿಜಯಗೀತೆಗೆ ಚಪ್ಪಾಳೆ ನಿಲ್ಲುತ್ತಿರಲಿಲ್ಲ. ರಂಗದ ಮೇಲಿರುವಷ್ಟು ಹೊತ್ತು ಯಹೂದಿಗಳು ಕಡ್ಡಾಯವಾಗಿ ಧರಿಸಬೇಕಿದ್ದ ಎದೆಯ ಹಳದಿ ನಕ್ಷತ್ರ ತೆಗೆದಿಡಬಹುದಿತ್ತೆಂದು ಬೆಕ್ಕಿನ ಪಾತ್ರ ಮಾಡಿದ್ದ ಎಲಾ ವೈಸ್‌ಬರ್ಗರ್ ಮುಂದೆ ನೆನೆದಿದ್ದಾರೆ.

ಆದರೆ ಇದನ್ನು ಬರೀ ಗೆಲುವಿನ ಕಥೆಯಾಗಿ ಹೇಳಿದರೆ ಅರ್ಧಸತ್ಯವಾಗುತ್ತದೆ. ಪೂರ್ವದ ಸಾವಿನ ಶಿಬಿರಗಳಿಗೆ ಹೊರಡುವ ರೈಲುಗಳು ಹಾಡುವ ಮಕ್ಕಳನ್ನೂ ಒಯ್ಯುತ್ತಿದ್ದವು. ತೆರವಾದ ಜಾಗಕ್ಕೆ ಬೇರೆ ಮಕ್ಕಳು ಪಾಠ ಕಲಿಯುತ್ತಿದ್ದರು. 1944ರ ಜೂನ್‌ನಲ್ಲಿ ರೆಡ್‌ಕ್ರಾಸ್ ತಂಡ ಬಂದಾಗ, ಗೆಟ್ಟೊ ನೆಮ್ಮದಿಯಾಗಿದೆಯೆಂದು ತೋರಿಸಲು ನಾಜಿಗಳು ಇದೇ ಒಪೆರಾ ಆಡಿಸಿದರು. ಪ್ರಚಾರಚಿತ್ರಕ್ಕೂ ಅದರ ಒಂದು ತುಣುಕನ್ನು ಚಿತ್ರೀಕರಿಸಿಕೊಂಡರು. ಚಿತ್ರೀಕರಣ ಮುಗಿದದ್ದೇ ತಡ, ಕಲಾವಿದರನ್ನೂ ಬಹುಪಾಲು ಮಕ್ಕಳನ್ನೂ ಔಷ್‌ವಿಟ್ಸ್‌ಗೆ ಕಳಿಸಿದರು. ಕ್ರಾಸಾ ಅಕ್ಟೋಬರ್‌ನಲ್ಲಿ ಅಲ್ಲಿ ಹತರಾದರು. ಮೀಸೆ ಕುಣಿಸಿದ ಹುಡುಗನೂ ಹಿಂತಿರುಗಲಿಲ್ಲ.

ಫ್ರಾಯ್ಡೆನ್‌ಫೆಲ್ಡ್ ಬದುಕುಳಿದರು. 1970ರ ದಶಕದಿಂದೀಚೆಗೆ ಕೃತಿ ಮತ್ತೆ ಹಲವು ದೇಶಗಳ ರಂಗ ಹತ್ತಿತು. 2003ರಲ್ಲಿ ಮಾರಿಸ್ ಸೆಂಡಾಕ್ ಮತ್ತು ಟೋನಿ ಕುಷ್ನರ್ ಈ ಕಥೆಯನ್ನು ಚಿತ್ರಪುಸ್ತಕವಾಗಿ ತಂದರು. ವೈಸ್‌ಬರ್ಗರ್ 2018ರಲ್ಲಿ ತೀರಿಕೊಂಡರು. ಅದಕ್ಕೆ ಮುಂಚೆ ಹಲವು ವರ್ಷ ಊರೂರು ಸುತ್ತಿ, ಪ್ರದರ್ಶನದ ಕೊನೆಗೆ ಮಕ್ಕಳ ಜೊತೆ ವಿಜಯಗೀತೆ ಹಾಡುತ್ತಿದ್ದರು.