ಸಭಿಕನ ಪಾಲು

ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದಾಗ ವಿಜ್ಞಾನೇಶ್ವರ ಬರೆದ ಮಿತಾಕ್ಷರ ನಮ್ಮ ಕಡೆಯ ವಕೀಲರ ಬಾಯಲ್ಲಿ ಇವತ್ತಿಗೂ ಇದೆ. ಅಣ್ಣತಮ್ಮಂದಿರು ಹೊಲಮನೆ ಹಂಚಿಕೊಳ್ಳಲು ಕೋರ್ಟು ಹತ್ತಿದಾಗ ಅದರ ಹೆಸರು ಬಂದೇ ಬರುತ್ತದೆ. ಜೂಜುಕಟ್ಟೆ ನಡೆಸುವವನಿಗೆ ಎಷ್ಟು ಪಾಲು ಸಲ್ಲಬೇಕು ಎಂಬ ಲೆಕ್ಕವೂ ಅದೇ ಗ್ರಂಥದಲ್ಲಿದೆ ಎಂದು ನನಗೆ ಗೊತ್ತಾದದ್ದು ನಿವೃತ್ತನಾಗಿ ಪುಸ್ತಕ ಹಿಡಿದ ಮೇಲೆ. ಹುಬ್ಬಳ್ಳಿಯ ಒಂದು ಕ್ಲಬ್ಬಿನಲ್ಲಿ ಲೆಕ್ಕ ಬರೆದು ಬದುಕಿದವನು ನಾನು. ಶಟಲ್ ಕೋರ್ಟಿನ ಮರದ ನೆಲ, ವಾಚನಾಲಯದ ಪತ್ರಿಕೆ, ಗಣೇಶನ ಹಬ್ಬದ ಊಟ, ಎಲ್ಲದರ ಖರ್ಚೂ ಹುಟ್ಟುತ್ತಿದ್ದದ್ದು ಇಸ್ಪೀಟ್ ಕೋಣೆಯಲ್ಲಿ. ಹಾಗಾಗಿ ಆ ಭಾಗವನ್ನು ಧರ್ಮಶಾಸ್ತ್ರವೆಂದು ಓದಲು ನನ್ನಿಂದ ಆಗಲಿಲ್ಲ, ಆಡಿಟ್ ಮಾಡಿದ ಹಾಗೆ ಓದಿದೆ.

ಯಾಜ್ಞವಲ್ಕ್ಯ ಸ್ಮೃತಿಯ ಒಂದು ಶ್ಲೋಕಕ್ಕೆ ವಿಜ್ಞಾನೇಶ್ವರ ಕೊಡುವ ಅರ್ಥ ಇದು: ಆಟದಲ್ಲಿ ನೂರು ಅಥವಾ ಅದಕ್ಕೂ ಹೆಚ್ಚು ಗೆದ್ದವನಿಂದ ಸಭಿಕ, ಅಂದರೆ ಕಟ್ಟೆಯ ಯಜಮಾನ, ನೂರಕ್ಕೆ ಐದು ಹಿಡಿಯಬೇಕು. ಅಷ್ಟು ಗೆಲ್ಲದವನಿಂದ ನೂರಕ್ಕೆ ಹತ್ತು. ಸಣ್ಣ ಆಟಗಾರನಿಗೆ ದುಪ್ಪಟ್ಟು ದರ!

ಇವತ್ತಿನ ಪೋಕರ್ ಮನೆಗಳ ದರಪಟ್ಟಿಯೂ ಇದಕ್ಕಿಂತ ಬೇರೆಯಲ್ಲ. ಪ್ರತಿ ಆಟದಲ್ಲಿ ನಡುವೆ ಗುಡ್ಡೆಯಾದ ಹಣದಿಂದ ಮನೆಯವರು ತೆಗೆಯುವ ಪಾಲಿಗೆ ರೇಕ್ ಎನ್ನುತ್ತಾರೆ. ಸಾಮಾನ್ಯವಾಗಿ ಅದು ಶೇಕಡಾ 5, ಆದರೆ ಒಂದು ಮಿತಿಯವರೆಗೆ ಮಾತ್ರ. ಮಿತಿ ₹250 ಎಂದುಕೊಳ್ಳಿ. ₹400ರ ಆಟದಿಂದ ₹20 ಹೋಗುತ್ತದೆ, ಅದು ಪೂರ್ತಿ ಶೇಕಡಾ 5. ₹20,000ದ ಆಟದಿಂದ ಹೋಗುವುದು ₹250, ಅಂದರೆ ಶೇಕಡಾ ಒಂದೂಕಾಲು. ದೊಡ್ಡ ಗಿರಾಕಿ ಬೇರೆ ಕಟ್ಟೆಗೆ ಹೋಗದಂತೆ ನೋಡಿಕೊಳ್ಳಬೇಕು, ಸಣ್ಣವನು ಹೇಗೂ ಬರುತ್ತಾನೆ. ಕಲ್ಯಾಣದ ಕಟ್ಟೆಯವನಿಗೂ ಈ ವ್ಯಾಪಾರ ತಿಳಿದಿದ್ದಿರಬೇಕು.

ಕೌಟಿಲ್ಯ ಇನ್ನೂ ಜಿಪುಣ. ಅರ್ಥಶಾಸ್ತ್ರದಲ್ಲಿ ಜೂಜಿಗೆಂದೇ ಒಬ್ಬ ಅಧ್ಯಕ್ಷ. ಗೆದ್ದ ಹಣದಲ್ಲಿ ನೂರಕ್ಕೆ ಐದು ಅವನಿಗೆ. ಅದರ ಮೇಲೆ ಕವಡೆ, ದಾಳಗಳ ಬಾಡಿಗೆ ಬೇರೆ, ಕುಡಿಯುವ ನೀರಿಗೆ ಬೇರೆ, ಕೂತ ಜಾಗಕ್ಕೆ ಬೇರೆ. ಅವನು ತೋರಿಸಿದ ಜಾಗ ಬಿಟ್ಟು ಬೇರೆಡೆ ಆಡಿದರೆ 12 ಪಣ ದಂಡ. ನೀರಿಗೂ ದುಡ್ಡೇ ಎಂದು ನಗಬೇಡಿ. ನಮ್ಮ ಕ್ಲಬ್ಬಿನಲ್ಲೂ ಸೋಡಾದ ಲೆಕ್ಕ ಇಸ್ಪೀಟ್ ಕೋಣೆಯ ಪುಟದಲ್ಲೇ ಇರುತ್ತಿತ್ತು.

ಈ ಪಾಲಿಗೆ ಬದಲಾಗಿ ಮನೆಯವನು ಏನು ಕೊಡುತ್ತಿದ್ದ? ಸೋತವನಿಂದ ವಸೂಲಿ ಮಾಡಿ ಗೆದ್ದವನಿಗೆ ಮುಟ್ಟಿಸುವುದು ಸಭಿಕನ ಹೊಣೆ ಎಂದು ಯಾಜ್ಞವಲ್ಕ್ಯ ಹೇಳುತ್ತಾನೆ. ಆ ಹೊಣೆ ಹೇಗಿರುತ್ತಿತ್ತು ಎಂದು ನೋಡಬೇಕಾದರೆ ಶೂದ್ರಕನ ಮೃಚ್ಛಕಟಿಕದ ಎರಡನೆಯ ಅಂಕ ಓದಬೇಕು. ಹತ್ತು ಸುವರ್ಣ ಸೋತ ಸಂವಾಹಕ ಓಡಿಹೋಗಿ ಖಾಲಿ ಗುಡಿಯಲ್ಲಿ ವಿಗ್ರಹದಂತೆ ನಿಂತುಬಿಡುತ್ತಾನೆ. ಸಭಿಕ ಮಾಥುರ ಅಲ್ಲೇ ಕೂತು ಜೂಜಾಡತೊಡಗುತ್ತಾನೆ. ಆಟದ ಸದ್ದು ಕೇಳಿ ವಿಗ್ರಹಕ್ಕೆ ತಡೆದುಕೊಳ್ಳಲಾಗುವುದಿಲ್ಲ. ಸಿಕ್ಕಿಬಿದ್ದವನಿಗೆ ಹೊಡೆತ ಬೀಳುತ್ತದೆ, ಕಡೆಗೆ ವಸಂತಸೇನೆಯ ಕಡಗದಿಂದ ಸಾಲ ತೀರುತ್ತದೆ. (ನಮ್ಮ ಪಕ್ಕದ ಗದುಗಿನ ಕುಮಾರವ್ಯಾಸ ಹೇಳುವ ಪಗಡೆಯಾಟದಲ್ಲಿ ಇಂಥ ಪಾಲಿನ ಗೊಡವೆಯೇ ಇಲ್ಲ. ಅಲ್ಲಿ ಕಟ್ಟೆಯೂ ದಾಳವೂ ಕೌರವನವೇ. ಐದು ಪರ್ಸೆಂಟು ಯಾರಿಗೆ ಬೇಕು?)

ಈಗ ಆಟಗಾರನ ಕಡೆಯಿಂದ ನೋಡೋಣ. ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮಗ ಮೊಬೈಲಿನಲ್ಲಿ ಪೋಕರ್ ಆಡುತ್ತಿದ್ದ, ಚೆನ್ನಾಗಿಯೇ ಆಡುತ್ತಿದ್ದ. "ದೊಡ್ಡಪ್ಪಾ, ಎಲ್ಲಾರಕಿಂತ ಛಲೋ ಆಡ್ತೀನಿ, ಆದ್ರೂ ತಿಂಗಳ ಕೊನಿಗೆ ಏನೂ ಉಳಿಯೂದಿಲ್ಲ" ಎಂದ. ಕಾಗದ ತಗೊಂಡು ಬಾ ಎಂದೆ. ಒಂದು ಮೇಜಿಗೆ ಒಂಬತ್ತು ಜನ, ತಲಾ ₹10,000 ಹಿಡಿದು ಕೂತರು, ಒಟ್ಟು ₹90,000. ಗಂಟೆಗೆ 30 ಆಟ, ಪ್ರತಿ ಆಟದಲ್ಲಿ ಸರಾಸರಿ ₹1,000 ಗುಡ್ಡೆಯಾಗುತ್ತದೆ ಅನ್ನೋಣ. ಆಟಕ್ಕೆ ₹50ರ ಹಾಗೆ ಗಂಟೆಗೆ ₹1,500 ಮನೆಗೆ. ಆರು ಗಂಟೆಯಲ್ಲಿ ₹9,000. ಒಂಬತ್ತು ಜನರಲ್ಲಿ ಒಬ್ಬನ ಗಂಟು ಹೆಚ್ಚುಕಡಿಮೆ ಪೂರ್ತಿ ಕಾಣೆ, ಅದನ್ನು ಯಾವ ಆಟಗಾರನೂ ಗೆದ್ದಿಲ್ಲ. ತಲೆಗೆ ಹಂಚಿದರೆ ಗಂಟೆಗೆ ಸುಮಾರು ₹167. ತನ್ನ ಜಾಣತನದಿಂದ ಗಂಟೆಗೆ ₹250 ಎತ್ತುವಷ್ಟು ಗಟ್ಟಿಗನಿಗೂ ಕೈಗೆ ಉಳಿಯುವುದು ₹83. ₹150 ಎತ್ತುವವನು ಎದುರಿನವರನ್ನೆಲ್ಲ ಗೆದ್ದೂ ಸಾಲಗಾರ. ಹತ್ತಿ ಪೇಟೆಯಲ್ಲಿ ದರ ಏರಲಿ ಇಳಿಯಲಿ ದಲಾಲನ ಕಮಿಷನ್ ನಿಲ್ಲದ ಹಾಗೆ ಇದು. ಮೊಬೈಲಿನಲ್ಲಿ ಎಲೆ ಕಲೆಸುವ ಹೊತ್ತೂ ಉಳಿಯುವುದರಿಂದ ಗಂಟೆಗೆ ಆಟಗಳು ಹೆಚ್ಚು, ಕಮಿಷನ್ನೂ ಹೆಚ್ಚು.

ಕ್ಯಾಲಿಫೋರ್ನಿಯಾದ ಗಾರ್ಡಿನಾ ಎಂಬ ಊರು ಇದನ್ನೇ ಬೇರೆ ದಾರಿಯಲ್ಲಿ ಮಾಡಿತು. ಲಾಸ್ ಏಂಜಲೀಸ್ ಪಕ್ಕದ, ಒಂದು ಕಾಲಕ್ಕೆ ಸ್ಟ್ರಾಬೆರಿ ಬೆಳೆಯುತ್ತಿದ್ದ ಊರು. ಇಸ್ಪೀಟಿನಲ್ಲಿ ಶೇಕಡಾವಾರು ಪಾಲು ತೆಗೆಯುವುದು ಆ ರಾಜ್ಯದ ಕಾನೂನಿಗೆ ಅಪರಾಧ. ಅದೇ ಕಾನೂನು ಹೆಸರಿಸಿ ನಿಷೇಧಿಸಿದ ಆಟಗಳಲ್ಲಿ ಡ್ರಾ ಪೋಕರ್ ಬರುವುದಿಲ್ಲ ಎಂದು 1911ರಲ್ಲಿ ಅಲ್ಲಿಯ ಅಟಾರ್ನಿ ಜನರಲ್ ಅಭಿಪ್ರಾಯ ಕೊಟ್ಟಿದ್ದರು. ಅದನ್ನೇ ಹಿಡಿದು 1936ರಲ್ಲಿ ಅರ್ನೆಸ್ಟ್ ಪ್ರಿಮ್ ಗಾರ್ಡಿನಾದಲ್ಲಿ ಕ್ಲಬ್ ತೆರೆದ. ಪಣಕ್ಕೆ ಕೈಹಾಕುವ ಹಾಗಿಲ್ಲವಲ್ಲ, ಅದಕ್ಕೆ ಕುರ್ಚಿಗೆ ಬಾಡಿಗೆ ಹಾಕಿದರು. ಅರ್ಧ ಗಂಟೆಗೊಮ್ಮೆ ಕ್ಲಬ್ಬಿನವರು ಮೇಜು ಸುತ್ತಿ ವಸೂಲಿ ಮಾಡುವರು. ಇದರಿಂದ ಆಟದ ರೀತಿಯೇ ಬದಲಾಗುತ್ತದೆ. ರೇಕ್ ಇದ್ದಲ್ಲಿ ಗೆದ್ದವನ ಗುಡ್ಡೆ ಮಾತ್ರ ಕರಗುತ್ತದೆ, ಒಳ್ಳೆಯ ಎಲೆ ಬರುವತನಕ ಸುಮ್ಮನೆ ಕೂಡುವವನಿಗೆ ಖರ್ಚು ಕಡಿಮೆ. ಗಡಿಯಾರದ ಬಾಡಿಗೆಯಲ್ಲಿ ಸುಮ್ಮನೆ ಕೂತವನೂ ಅಷ್ಟೇ ತೆರಬೇಕು. ಅಲ್ಲಿಯ ಆಟಗಾರರ ಜೊತೆ ವರ್ಷಗಟ್ಟಲೆ ಕೂತು ಆಡಿದ ಮಾನವಶಾಸ್ತ್ರಜ್ಞ ಡೇವಿಡ್ ಹಯಾನೊ 1982ರಲ್ಲಿ ಅವರ ಬಗ್ಗೆ ಒಂದು ಪುಸ್ತಕ ಬರೆದರು. ಪೋಕರನ್ನೇ ಹೊಟ್ಟೆಪಾಡು ಮಾಡಿಕೊಂಡವರ ಪಾಡು ತಿಳಿಯಲು ಅದನ್ನು ಓದಬೇಕು.

ನಮ್ಮ ಕ್ಲಬ್ಬಿನದೂ ಗಾರ್ಡಿನಾ ಪದ್ಧತಿಯೇ, ಆಟ ಮಾತ್ರ ರಮ್ಮಿ. ಸಂಜೆ ಐದಕ್ಕೆ ಹುಡುಗ ತಗಡಿನ ಡಬ್ಬಿ, ರಸೀದಿ ಪುಸ್ತಕ ಹಿಡಿದು ಪ್ರತಿ ಮೇಜಿಗೂ ಹೋಗಿ ತಲೆಗಿಷ್ಟು ಎಂದು ಎತ್ತುತ್ತಿದ್ದ. ಪಾಯಿಂಟಿಗೆ ಹತ್ತು ಪೈಸೆ ಆಡುವ ನಿವೃತ್ತ ಮಾಸ್ತರರೂ, ರೂಪಾಯಿ ಆಡುವ ಅಡತಿ ಅಂಗಡಿಯವರೂ ಕೊಡುವುದು ಒಂದೇ ಮೊತ್ತ. ಒಬ್ಬ ಮಾಸ್ತರರಂತೂ ಮೇಲಿಂದ ಮೇಲೆ ನನ್ನ ಮೇಜಿನ ಮುಂದೆ ಬಂದು ನಿಲ್ಲುವರು. "ತಮ್ಮಾ, ಗೆದ್ದದ್ದು ಖರೆ, ಮನಿಗೆ ಒಯ್ಯಾಕ ಏನೂ ಇಲ್ಲ. ಎಲ್ಲಿ ಹೋತಪಾ?" "ನಮ್ಮ ಪುಸ್ತಕದಾಗ ಐತ್ರಿ ಸರ್, ತೋರಸ್ಲೇನ್ರಿ?" ಅವರು ನಕ್ಕು ಮತ್ತೆ ಆಡಲು ಹೋಗುವರು.

ದರ ಏರಿಸುವ ಮಾತು ಬಂದಾಗಲೆಲ್ಲ ಕಮಿಟಿಯ ವಕೀಲರು ಅಡ್ಡಗಾಲು ಹಾಕುತ್ತಿದ್ದರು. ಅದಕ್ಕೆ ಕಾರಣ ಸಿಕಂದರಾಬಾದಿನ ಒಂದು ಕ್ಲಬ್ಬು. ಅಲ್ಲಿ ರಮ್ಮಿ ಆಡುತ್ತಿದ್ದವರನ್ನು ಪೊಲೀಸರು ಹಿಡಿದ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು 1967ರ ತೀರ್ಪು ಹೇಳಿದ್ದು ಎಲ್ಲರ ನೆನಪಿನಲ್ಲಿದೆ. ಲೆಕ್ಕದವರು ಓದಬೇಕಾದ್ದು ಮುಂದಿನ ಮಾತನ್ನು: ಬಿಲಿಯರ್ಡ್ಸ್, ಟೆನಿಸ್‌ಗೆ ಶುಲ್ಕ ಇರುವಂತೆ ಎಲೆಯಾಟಕ್ಕೂ ಶುಲ್ಕ ಹಾಕಿದರೆ ಕ್ಲಬ್ಬು ಲಾಭ ಹೊಡೆಯುತ್ತಿದೆ ಎಂದಾಗುವುದಿಲ್ಲ, ಆದರೆ ಅದು ವಿಪರೀತ ಇರಬಾರದು. ಎಷ್ಟಾದರೆ ವಿಪರೀತ ಎಂದು ಅಂಕಿ ಕೊಟ್ಟಿಲ್ಲ. ಆ ವಿಷಯದಲ್ಲಿ ವಿಜ್ಞಾನೇಶ್ವರನೇ ವಾಸಿ, ಐದು, ಹತ್ತು ಎಂದು ನೇರವಾಗಿ ಬರೆದಿಟ್ಟ.

ರಾಜನ ಪಾಲಿನ ಕಥೆಯೂ ಇದೆ. ಸ್ಮೃತಿಕಾಲದಲ್ಲಿ ಸಭಿಕ ತನಗೆ ಬಂದದ್ದರಲ್ಲಿ ರಾಜನಿಗೆ ಕೊಡುತ್ತಿದ್ದ. ಆನ್‌ಲೈನ್ ಆಟಗಳಿಗೆ 2023ರ ಅಕ್ಟೋಬರ್ 1ರಿಂದ ಬಂದ ಶೇಕಡಾ 28ರ ಜಿಎಸ್‌ಟಿ ಮಾತ್ರ ಮನೆಯವರ ಕಮಿಷನ್ನಿನ ಮೇಲಲ್ಲ, ಆಟಗಾರ ಕಟ್ಟಿದ ಪೂರ್ತಿ ಹಣದ ಮೇಲೆ ಇತ್ತು. ಎಲೆ ಹಂಚುವ ಮೊದಲೇ ಸೋಲು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿದಾಗ ನನ್ನ ತಮ್ಮನ ಮಗ ಉಳಿದ ದುಡ್ಡು ವಾಪಸು ತೆಗೆದುಕೊಂಡ. ಒಳ್ಳೆಯದೇ ಆಯಿತು ಅಂದೆ.

ಆದರೆ ಯಾಜ್ಞವಲ್ಕ್ಯ ಇನ್ನೊಂದು ಮಾತೂ ಹೇಳಿದ್ದಾನೆ: ಜೂಜು ಒಬ್ಬನ ಉಸ್ತುವಾರಿಯಲ್ಲೇ ನಡೆಯಲಿ, ಕಳ್ಳರು ಪತ್ತೆಯಾಗುತ್ತಾರೆ. ಕೌಟಿಲ್ಯನ ಕಾರಣವೂ ಇದೇ. ಈಗಲೂ ಪತ್ರಿಕೆಯಲ್ಲಿ ಬಯಲಿನ ಅಂದರ್-ಬಾಹರ್ ದಾಳಿಯ ಸುದ್ದಿ ಓದುತ್ತೇನೆ. ಪಣಕ್ಕಿಟ್ಟ ನಗದು, 52 ಎಲೆ, ಹಾಸಿದ್ದ ಗೋಣಿತಟ್ಟು ಜಪ್ತಿ ಎಂದಿರುತ್ತದೆ. ಆಡಿಸುತ್ತಿದ್ದವನು ನೂರಕ್ಕೆ ಎಷ್ಟು ಹಿಡಿಯುತ್ತಿದ್ದ ಎಂದು ಅದರಲ್ಲಿ ಹುಡುಕುತ್ತೇನೆ, ಇರುವುದಿಲ್ಲ.