ಎರಡು ಕಾರ್ಬುರೇಟರ್ ಬೇಕೆ, ಒಂದು ಸಾಕೆ?

ಮಳೆಗಾಲದ ಬೆಳಿಗ್ಗೆ ಕೊಪ್ಪದಿಂದ ಶೃಂಗೇರಿಗೋ ನರಸಿಂಹರಾಜಪುರಕ್ಕೋ ಹೊರಟ ಹಳೆಯ ಕಾರಿಗೆ ಎರಡು ಪರೀಕ್ಷೆ: ಏರು ಮತ್ತು ಥಂಡಿ. ರೇಡಿಯೇಟರ್ ಇಲ್ಲದೆ ಗಾಳಿಯಿಂದಲೇ ತಣಿಯುವ ಎಂಜಿನ್ ಆದರಂತೂ ಪರೀಕ್ಷೆ ಇನ್ನೂ ಕಠಿಣ. ಇಂಥ ಎಂಜಿನ್ನಿನ ಜೋಡಿ ಕಾರ್ಬುರೇಟರ್ ಕಳಚಿ ಒಂದನ್ನೇ ಕೂರಿಸುವ ರೂಢಿ ಹಳೆ ಕಾರು ಪ್ರಿಯರಲ್ಲಿದೆ. ಇದು ಸರಿಯೇ? ಉತ್ತರ ಇತಿಹಾಸದಲ್ಲಿದೆ.

ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಉಣಿಸುವುದು ಕಾರ್ಬುರೇಟರಿನ ಕೆಲಸ. ಜರ್ಮನಿಯ ಫೋಕ್ಸ್‌ವ್ಯಾಗನ್ 'ಬೀಟಲ್' ಕಾರಿನಲ್ಲಿ ಎಡಕ್ಕೆರಡು, ಬಲಕ್ಕೆರಡು ಸಿಲಿಂಡರುಗಳು ಅಡ್ಡ ಮಲಗಿದ್ದವು. ನಡುವೆ ಒಂದೇ ಕಾರ್ಬುರೇಟರ್. ಅಲ್ಲಿಂದ ಸಿಲಿಂಡರಿಗೆ ದಾರಿ ಉದ್ದ. ತಣ್ಣನೆಯ ಕೊಳವೆಯಲ್ಲಿ ಪೆಟ್ರೋಲ್ ಮತ್ತೆ ಹನಿಗಟ್ಟುತ್ತದೆ. ಅದನ್ನು ತಡೆಯಲೆಂದೇ ಎಂಜಿನ್ ಉಗುಳುವ ಹೊಗೆಯ ಬಿಸಿಯನ್ನು ಕೊಳವೆಗೆ ತಾಗಿಸಿದ್ದರು. 1963ರಲ್ಲಿ ಬಂದ '1500 ಎಸ್' ಮಾದರಿಗೆ ಕಂಪನಿ ಪಕ್ಕಕ್ಕೊಂದರಂತೆ ಎರಡು ಕಾರ್ಬುರೇಟರ್ ಕೊಟ್ಟಿತು. ದಾರಿ ಗಿಡ್ಡವಾಯಿತು, ಶಕ್ತಿ ಹೆಚ್ಚಿತು. ಆದರೆ ಎರಡನ್ನೂ ಸಮನಾಗಿ ಹೊಂದಿಸುವ ತಲೆನೋವು ಮೆಕ್ಯಾನಿಕ್‌ಗಳ ಪಾಲಿಗೆ ಬಂತು.

ನಮ್ಮಲ್ಲಿ ಈ ಎರಡೂ ದಾರಿಗಳು 1980ರ ದಶಕದ ಬೈಕುಗಳಲ್ಲಿ ಕಂಡವು. 1983ರಲ್ಲಿ ಬಂದ ರಾಜದೂತ್ 350ರಲ್ಲಿ ಸಿಲಿಂಡರಿಗೊಂದು ಕಾರ್ಬುರೇಟರ್ ಇತ್ತು. 1961ರಲ್ಲಿ ಉತ್ಪಾದನೆ ಆರಂಭಿಸಿ 1996ರಲ್ಲಿ ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ತನ್ನ ಯೆಜ್ಡಿ 350 ಟ್ವಿನ್‌ನ ಎರಡು ಸಿಲಿಂಡರಿಗೆ ಒಂದನ್ನೇ ಇಟ್ಟಿತು. ಅಲ್ಲಿ ಸಿಲಿಂಡರುಗಳು ಒಂದಕ್ಕೊಂದು ಅಂಟಿಕೊಂಡಂತಿದ್ದುದರಿಂದ ಒಂದೇ ಸಾಕಾಯಿತು.

ಹಾಗಾಗಿ ಪ್ರಶ್ನೆ ಸಂಖ್ಯೆಯದಲ್ಲ, ದೂರದ್ದು. ಮಲಗಿದ ಎಂಜಿನ್ನಿಗೆ ಒಂದೇ ಕಾರ್ಬುರೇಟರ್ ಹಾಕಿದರೆ ಹೊಂದಿಸುವುದು ಸುಲಭ, ಖರ್ಚೂ ಕಡಿಮೆ. ಆದರೆ ಕೊಳವೆಗೆ ಬಿಸಿ ಕೊಡುವ ಏರ್ಪಾಡು ಇರಲೇಬೇಕು. ಆವಿಯಾಗುವ ಪೆಟ್ರೋಲ್ ಸುತ್ತಲ ಶಾಖವನ್ನು ಹೀರುತ್ತದೆ. ಹೀಗಾಗಿ ಹವೆ ತೇವವಾಗಿದ್ದರೆ, ಹೊರಗೆ ಅಷ್ಟೇನೂ ಚಳಿಯಿಲ್ಲದಿದ್ದರೂ ಕಾರ್ಬುರೇಟರ್ ಒಳಗೆ ಮಂಜುಗಡ್ಡೆ ಕಟ್ಟಬಹುದು, ಎಂಜಿನ್ ಮುಗ್ಗರಿಸುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಏರಿನಲ್ಲಿ. ಪೆಟ್ರೋಲ್ ಹಂಚಿಕೆ ಏರುಪೇರಾದರೆ ಕಡಿಮೆ ಸಿಕ್ಕ ಸಿಲಿಂಡರ್ ವಿಪರೀತ ಕಾಯುತ್ತದೆ. ಆ ಶಾಖವನ್ನು ಹೊತ್ತೊಯ್ಯಲು ನೀರಿಲ್ಲ; ವಾಲ್ವ್ ಸುಟ್ಟುಹೋಗಬಹುದು.

ಒಂದಕ್ಕೆ ಇಳಿಯುವವರು ಕಳಚಿದ ಜೋಡಿಯನ್ನು ಗುಜರಿಗೆ ಹಾಕದೆ ಎಣ್ಣೆ ಸವರಿ ಕಟ್ಟಿಡುವುದು ಲೇಸು. ಮುಂದೆ ಕಾರನ್ನು ಮೂಲರೂಪಕ್ಕೆ ತರಬೇಕೆಂದರೆ ಅದೇ ಬೇಕಾಗುತ್ತದೆ.