ಸಹಿಗೆ ಮುಂಚಿನ ಮಾತು

ನಾನಿರುವ ಖಡಕಿಯಿಂದ ನದಿ ದಾಟಿದರೆ ಯೆರವಡಾ. ಪುಣೆ ಸ್ಟೇಷನ್ ಕಡೆ ಹೋದರೆ ಸಸೂನ್ ಆಸ್ಪತ್ರೆ. 1924ರ ಜನವರಿ 12ರ ರಾತ್ರಿ, ಯೆರವಡಾ ಜೈಲಿನ ಕೈದಿಯಾಗಿದ್ದ ಗಾಂಧೀಜಿಗೆ ಸಸೂನ್‌ನಲ್ಲಿ ಅಪೆಂಡಿಕ್ಸ್ ಆಪರೇಷನ್ ಆಯಿತು. ಮಾಡಿದವರು ಸರ್ಕಾರದ ಸರ್ಜನ್ ಕರ್ನಲ್ ಮ್ಯಾಡಕ್. ಕೈದಿಗೆ ಏನಾದರೂ ಆದರೆ ದೇಶವೇ ಹೊತ್ತಿ ಉರಿಯುತ್ತಿತ್ತು. ಹಾಗಾಗಿ ಶ್ರೀನಿವಾಸ ಶಾಸ್ತ್ರಿಗಳನ್ನು ಕರೆಸಿ ಒಂದು ಹೇಳಿಕೆ ಬರೆಸಿದರು. ಅದನ್ನು ಕೇಳಿ, ಒಪ್ಪಿ, ಗಾಂಧೀಜಿ ನಡುಗುವ ಕೈಯಲ್ಲೇ ಸಹಿ ಹಾಕಿದರು. ಆಪರೇಷನ್ ನಡುವೆ ಗುಡುಗು ಮಳೆಗೆ ಕರೆಂಟ್ ಹೋಯಿತು. ನರ್ಸ್ ಹಿಡಿದ ಟಾರ್ಚೂ ಆರಿತು. ಲಾಟೀನಿನ ಬೆಳಕಲ್ಲಿ ಕೆಲಸ ಮುಗಿಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಅವರು ಬೆಳಗಾವಿ ಅಧಿವೇಶನದ ಅಧ್ಯಕ್ಷರಾಗಿದ್ದರು.

ಆ ಕಾಗದ ರೋಗಿಯ ಒಪ್ಪಿಗೆಯೂ ಹೌದು, ಸರ್ಕಾರದ ರಕ್ಷಣೆಯೂ ಹೌದು. ಇಂದಿನ ಕನ್ಸೆಂಟ್ ಫಾರಂ ಕೂಡ ಹಾಗೆಯೇ. ವ್ಯತ್ಯಾಸ ಇಷ್ಟೇ: ಗಾಂಧೀಜಿಗೆ ಓದಿ ಹೇಳಲು ಶಾಸ್ತ್ರಿಗಳಿದ್ದರು. ನಮ್ಮಂಥವರಿಗೆ ಯಾರು?

ಹತ್ತಿರ ಇರುವವರು ನರ್ಸ್. 1914ರಲ್ಲಿ ನ್ಯೂಯಾರ್ಕಿನ ಶ್ಲೋಯೆಂಡಾರ್ಫ್ ಪ್ರಕರಣದಲ್ಲಿ, ತನಗೆ ಆಪರೇಷನ್ ಬೇಡ, ಪರೀಕ್ಷೆ ಮಾತ್ರ ಸಾಕು ಎಂದು ಹಿಂದಿನ ರಾತ್ರಿ ನರ್ಸ್‌ಗೆ ಹೇಳಿದ್ದೆ ಎಂದು ರೋಗಿ ಸಾಕ್ಷಿ ನುಡಿದಳು. ಆದರೂ ಆಪರೇಷನ್ ನಡೆದಿತ್ತು. ತನ್ನ ದೇಹದ ನಿರ್ಧಾರ ರೋಗಿಯದೇ ಎಂದು ನ್ಯಾಯಾಲಯ ಒಪ್ಪಿತು. ಆಸ್ಪತ್ರೆಯನ್ನು ಮಾತ್ರ ಹೊಣೆ ಮಾಡಲಿಲ್ಲ. ರೋಗಿಯ ಮಾತು ನರ್ಸ್ ಬಳಿಯೇ ಉಳಿಯಿತು.

ನಮ್ಮಲ್ಲಿ 2008ರ ಸಮೀರಾ ಕೊಹ್ಲಿ ತೀರ್ಪು ಇನ್ನೂ ಸ್ಪಷ್ಟ. ಲ್ಯಾಪರೋಸ್ಕೋಪಿಗೆ ಒಪ್ಪಿದ್ದ ಮಹಿಳೆ ಪ್ರಜ್ಞೆ ತಪ್ಪಿದ್ದಾಗ ತಾಯಿಯ ಸಹಿ ಪಡೆದು ಗರ್ಭಕೋಶ ತೆಗೆದಿದ್ದರು. ಪ್ರಾಣಾಪಾಯ ಇಲ್ಲದಿದ್ದಾಗ ವಯಸ್ಕ ರೋಗಿಯ ಪರವಾಗಿ ತಾಯಿಯ ಒಪ್ಪಿಗೆ ಸಲ್ಲದು ಎಂದಿತು ಸುಪ್ರೀಂ ಕೋರ್ಟ್. "ಮನೆಯವರು ಸಹಿ ಮಾಡಲಿ" ಎನ್ನುವ ನಮ್ಮ ರೂಢಿಗೆ ಇದು ಪೆಟ್ಟು.

ಆಪರೇಷನ್ ಯಾಕೆ, ಅಪಾಯವೇನು, ಬೇರೆ ದಾರಿ ಏನು ಎಂದು ವಿವರಿಸುವುದು ಸರ್ಜನ್ ಕೆಲಸ. ಅದನ್ನು ನರ್ಸ್ ಹೆಗಲಿಗೆ ಹಾಕಬಾರದು. ಆದರೆ ರೋಗಿಗೆ ಅರ್ಥವಾಯಿತೇ ಎಂದು ನೋಡುವುದು, ಆಗಿಲ್ಲದಿದ್ದರೆ ಡಾಕ್ಟರನ್ನು ಮತ್ತೆ ಕರೆಯುವುದು ನರ್ಸ್ ಕೈಯಲ್ಲಿದೆ. ಮರಾಠಿ, ಇಂಗ್ಲಿಷ್ ಫಾರಂ ಮುಂದೆ ಕುಳಿತ ಕಲಬುರಗಿಯ ಅಜ್ಜಿ "ಹ್ಞೂಂ" ಅಂದರೆ ಅದು ಒಪ್ಪಿಗೆಯಲ್ಲ, ಸಂಕೋಚ. "ಅಜ್ಜಿ, ನಾಳೆ ನಿಮಗೆ ಏನು ಮಾಡ್ತಾರೆ, ನೀವೇ ಹೇಳ್ರಿ" ಎಂದು ಯಾರಾದರೂ ಕೇಳಬೇಕು. ಅಜ್ಜಿ ಉತ್ತರ ಹೇಳುವ ತನಕ ಪೆನ್ನು ಕೊಡಬಾರದು.